ಕೋವಿಡ್ ವೈರಾಣುವನ್ನು ಪ್ರೋಟೀನಿನ ಮೂಲಕ ಹಿಡಿಯುವುದು: ಸ್ವಾಬ್‌ನಿಂದ ವರದಿಯವರೆಗೆ ಸಮಗ್ರ ಮಾರ್ಗದರ್ಶಿ

ಕೋವಿಡ್ ಪರೀಕ್ಷೆ ಎಂದೊಡನೆ ನೆನಪಾಗುವುದು ಆರ್‌ಟಿ-ಪಿಸಿಆರ್. ಅದು ವೈರಾಣುವಿನ ಆರ್‌ಎನ್‌ಎಯನ್ನು ಹುಡುಕಿ, ಸಿಕ್ಕ ಬೆರಳೆಣಿಕೆಯ ತುಣುಕುಗಳನ್ನೇ ಕೋಟಿಗಟ್ಟಲೆ ಪ್ರತಿಗಳಾಗಿ ಬೆಳೆಸಿ ತೋರಿಸುತ್ತದೆ. ಪ್ರೋಟೀನನ್ನು ಹೀಗೆ ಬೆಳೆಸಲು ಬರುವುದಿಲ್ಲ. ಸ್ವಾಬ್‌ಗೆ ಅಂಟಿಕೊಂಡು ಬಂದದ್ದು ಎಷ್ಟೋ ಅಷ್ಟೇ. ತೊಳೆಯುವಾಗ, ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಹಾಕುವಾಗ ಕಳೆದುಹೋದದ್ದು ಮತ್ತೆ ಸಿಗುವುದಿಲ್ಲ. ಪ್ರೋಟೀನ್ ವಿಶ್ಲೇಷಣೆಯ ಕಷ್ಟವೂ ಶಿಸ್ತೂ ಈ ಒಂದೇ ಸಂಗತಿಯಿಂದ ಹುಟ್ಟುತ್ತವೆ. ಅಣುಗಳ ರಾಶಿಯನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಕೋಟಿ ಬೆಲೆಯ ಯಂತ್ರವನ್ನು ತಂದಿಟ್ಟುಕೊಂಡರೂ ಫಲಿತಾಂಶದ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗುವುದು ಯಂತ್ರಕ್ಕೆ ಮುಂಚಿನ ಎರಡು ಕೆಲಸಗಳಲ್ಲಿ: ಯಾವ ಪೆಪ್ಟೈಡನ್ನು, ಅಂದರೆ ಪ್ರೋಟೀನಿನ ಯಾವ ತುಂಡನ್ನು, ಹುಡುಕಬೇಕೆಂಬ ಆಯ್ಕೆಯಲ್ಲಿ ಮತ್ತು ಮಾದರಿಯನ್ನು ಶುದ್ಧಗೊಳಿಸುವ ಕೆಲಸದಲ್ಲಿ.

ಇಷ್ಟು ಕಷ್ಟವಿದ್ದೂ ಪ್ರೋಟೀನಿನ ಹಿಂದೆ ಹೋಗಲು ಗಟ್ಟಿ ಕಾರಣಗಳಿವೆ. ಗುಣವಾದವರ ಮೂಗಿನಲ್ಲಿ ವೈರಾಣುವಿನ ಆರ್‌ಎನ್‌ಎ ತುಣುಕುಗಳು ವಾರಗಟ್ಟಲೆ ಉಳಿದು ಪಿಸಿಆರ್ ಪಾಸಿಟಿವ್ ಬರುತ್ತಲೇ ಇರಬಹುದು. 2020ರ ಮೊದಲ ತಿಂಗಳುಗಳಲ್ಲಿ ಆರ್‌ಎನ್‌ಎ ಬೇರ್ಪಡಿಸುವ ಕಿಟ್‌ಗಳಿಗೆ ಜಗತ್ತಿನಾದ್ಯಂತ ಬರ ಬಿದ್ದಾಗ, ಬೇರೆಯೇ ಸಾಮಗ್ರಿಗಳ ಮೇಲೆ ನಿಂತ ಇನ್ನೊಂದು ವಿಧಾನ ಕೈಯಲ್ಲಿರಬೇಕಿತ್ತು ಎಂದು ಎಲ್ಲರಿಗೂ ಅನಿಸಿತು. ಜೊತೆಗೆ, ಸೋಂಕು ತಗುಲಿದ ದೇಹದೊಳಗೆ ಏನಾಗುತ್ತಿದೆ ಎಂಬ ಪ್ರಶ್ನೆಗೆ ವೈರಾಣುವಿನ ಆರ್‌ಎನ್‌ಎ ಉತ್ತರ ಕೊಡುವುದಿಲ್ಲ, ಪ್ರೋಟೀನುಗಳು ಕೊಡುತ್ತವೆ.

ಜೀವರಸಾಯನ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ ಓದುತ್ತಿರುವವರನ್ನೂ ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ದುಡಿಯುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕೋವಿಡ್ ತರುವ ಸಾರ್ಸ್-ಕೋವ್-2 ವೈರಾಣುವಿನ ಒಂದೇ ಒಂದು ಪೆಪ್ಟೈಡನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಅದರ ಬೆನ್ನುಹತ್ತಿ ಹೋಗೋಣ.

ಹಂತ 1: ಪ್ರಶ್ನೆಯನ್ನು ಮೊದಲು ಖಚಿತಪಡಿಸಿಕೊಳ್ಳಿ

"ಈ ಮಾದರಿಯಲ್ಲಿ ವೈರಾಣು ಇದೆಯೇ?" ಎಂಬುದು ಒಂದು ಪ್ರಶ್ನೆ. "ಸೋಂಕಿಗೆ ದೇಹ ಹೇಗೆ ಪ್ರತಿಕ್ರಿಯಿಸುತ್ತಿದೆ?" ಎಂಬುದು ಇನ್ನೊಂದು. "ವೈರಾಣುವಿನ ಪ್ರೋಟೀನು ನಮ್ಮ ಯಾವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ?" ಎಂಬುದು ಮೂರನೆಯದು. ಮೂರಕ್ಕೂ ಮಾಸ್ ಸ್ಪೆಕ್ಟ್ರೋಮೀಟರೇ ಬೇಕು, ಆದರೆ ಮಾದರಿ, ಸಿದ್ಧತೆ, ಲೆಕ್ಕಾಚಾರ ಎಲ್ಲವೂ ಬೇರೆ ಬೇರೆ. ಮೊದಲನೆಯದರಲ್ಲಿ ಗೊತ್ತಿರುವ ಎರಡು ಮೂರು ಪೆಪ್ಟೈಡುಗಳನ್ನು ಮಾತ್ರ ಹುಡುಕುತ್ತೇವೆ. ಎರಡನೆಯದರಲ್ಲಿ ಸಿಕ್ಕ ಸಾವಿರಾರು ಪ್ರೋಟೀನುಗಳನ್ನೆಲ್ಲ ಅಳೆಯುತ್ತೇವೆ. ಎರಡನ್ನೂ ಒಂದೇ ಓಟದಲ್ಲಿ ಮುಗಿಸಲು ಹೋದರೆ ಎರಡೂ ಅರೆಬರೆಯಾಗುತ್ತವೆ. ಪತ್ತೆಯ ದಾರಿಯನ್ನು ಇಲ್ಲಿ ವಿವರವಾಗಿ ಹೇಳಿ, ಉಳಿದೆರಡನ್ನು ಆಮೇಲೆ ನೋಡುತ್ತೇನೆ.

ಹಂತ 2: ಯಾವ ಪ್ರೋಟೀನು?

ಈ ವೈರಾಣುವಿನ ಜೀನೋಮಿನಲ್ಲಿ ಸುಮಾರು 29,900 ಅಕ್ಷರಗಳಿವೆ. ಅದರ ರಚನೆಯನ್ನು ಕಟ್ಟುವ ಪ್ರೋಟೀನುಗಳು ನಾಲ್ಕು: 1,273 ಅಮೈನೋ ಆಮ್ಲಗಳ ಸ್ಪೈಕ್, 222ರ ಎಂ, 75ರ ಇ ಮತ್ತು 419ರ ನ್ಯೂಕ್ಲಿಯೋಕ್ಯಾಪ್ಸಿಡ್, ಅಂದರೆ ಎನ್ ಪ್ರೋಟೀನ್. ಇವಲ್ಲದೆ ಜೀವಕೋಶದೊಳಗೆ ಮಾತ್ರ ಕೆಲಸ ಮಾಡುವ 16 ಪ್ರೋಟೀನುಗಳು ಒಂದು ಉದ್ದನೆಯ ಸರಪಣಿಯಿಂದ ಕತ್ತರಿಸಲ್ಪಟ್ಟು ಬರುತ್ತವೆ, ಕೆಲವು ಸಣ್ಣ ಸಹಾಯಕ ಪ್ರೋಟೀನುಗಳೂ ಇವೆ.

ಲಸಿಕೆಯ ಕಾರಣದಿಂದ ಸ್ಪೈಕ್ ಹೆಸರುವಾಸಿಯಾಯಿತು. ಪತ್ತೆಗೆ ಮಾತ್ರ ಅದು ಒಳ್ಳೆಯ ಗುರಿಯಲ್ಲ. ಅದರ ಪ್ರತಿ ಘಟಕದಲ್ಲೂ ಸಕ್ಕರೆಯ ಸರಪಣಿಗಳು ಅಂಟುವ 22 ಜಾಗಗಳಿವೆ. ಅಂಥ ಜಾಗವಿರುವ ಪೆಪ್ಟೈಡಿಗೆ ಒಂದೇ ನಿಶ್ಚಿತ ರಾಶಿ ಇರುವುದಿಲ್ಲ. ರೂಪಾಂತರಿಗಳಲ್ಲಿ ಅತಿ ಹೆಚ್ಚು ಬದಲಾಗುವುದೂ ಸ್ಪೈಕೇ. ಸಂಖ್ಯೆಯೂ ಕಡಿಮೆ: ಒಂದು ವೈರಾಣು ಕಣದ ಮೇಲೆ ಸ್ಪೈಕ್‌ಗಳು ಕೆಲವು ಹತ್ತುಗಳಷ್ಟಿದ್ದರೆ, ಆರ್‌ಎನ್‌ಎಯನ್ನು ಸುತ್ತಿಕೊಂಡಿರುವ ಎನ್ ಪ್ರೋಟೀನಿನ ಪ್ರತಿಗಳು ಸಾವಿರದ ಆಸುಪಾಸಿನಲ್ಲಿರುತ್ತವೆ. ಸೋಂಕಿತ ಜೀವಕೋಶದೊಳಗೆ ಬಿಡಿಯಾಗಿಯೂ ಎನ್ ಹೇರಳವಾಗಿ ತಯಾರಾಗುತ್ತದೆ. ಮನೆಯಲ್ಲಿ ಬಳಸುವ ಕ್ಷಿಪ್ರ ಆಂಟಿಜೆನ್ ಪಟ್ಟಿಗಳಲ್ಲಿ ಹೆಚ್ಚಿನವು ಎನ್ ಪ್ರೋಟೀನನ್ನೇ ಹಿಡಿಯುವುದಕ್ಕೆ ಇದೇ ಕಾರಣ.

ಒಂದು ಲೆಕ್ಕ ಮಾಡಿಬಿಡೋಣ, ಮುಂದೆ ಬೇಕಾಗುತ್ತದೆ. 1 ಫೆಮ್ಟೋಮೋಲ್ ಎಂದರೆ ಸುಮಾರು 60 ಕೋಟಿ ಅಣುಗಳು. ಒಂದು ಕಣಕ್ಕೆ ಸಾವಿರ ಎನ್ ಎಂದಿಟ್ಟುಕೊಂಡರೆ ಅದು 6 ಲಕ್ಷ ವೈರಾಣು ಕಣಗಳಿಗೆ ಸಮ. ಯಂತ್ರ ಅದರ ಸಾವಿರದಲ್ಲೊಂದು ಪಾಲನ್ನು, ಅಂದರೆ 1 ಆಟೋಮೋಲ್ ಅನ್ನು ಗುರುತಿಸಬಲ್ಲದಾದರೆ, ಸುಮಾರು 600 ಕಣಗಳು ಸಾಕು. ಎನ್ ಪ್ರೋಟೀನಿನ ತೂಕ ಸುಮಾರು 46 ಕಿಲೋಡಾಲ್ಟನ್ (ಡಾಲ್ಟನ್ ಎಂದರೆ ಅಣುಗಳ ತೂಕದ ಮಾನ). ಆದ್ದರಿಂದ 1 ಫೆಮ್ಟೋಮೋಲ್ ಎನ್ ತೂಗುವುದು 46 ಪಿಕೋಗ್ರಾಂ.

ಹಂತ 3: ಪೆಪ್ಟೈಡ್ ಆಯ್ಕೆ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಇಡೀ ಪ್ರೋಟೀನನ್ನು ಹಾಗೆಯೇ ಯಂತ್ರಕ್ಕೆ ಕೊಡುವುದಿಲ್ಲ. ಟ್ರಿಪ್ಸಿನ್ ಎಂಬ ಕಿಣ್ವದಿಂದ ಅದನ್ನು ತುಂಡು ಮಾಡುತ್ತೇವೆ. ಟ್ರಿಪ್ಸಿನ್ ಲೈಸಿನ್ ಮತ್ತು ಆರ್ಜಿನಿನ್ ಎಂಬ ಎರಡು ಅಮೈನೋ ಆಮ್ಲಗಳ ನಂತರ ಮಾತ್ರ ಕತ್ತರಿಸುವುದರಿಂದ, ಪ್ರೋಟೀನಿನ ಅನುಕ್ರಮ ಗೊತ್ತಿದ್ದರೆ ಯಾವ ತುಂಡುಗಳು ಬರುತ್ತವೆ ಎಂಬುದನ್ನು ಕಾಗದದ ಮೇಲೆಯೇ ಬರೆಯಬಹುದು.

ಯೂನಿಪ್ರಾಟ್ ಎಂಬ ಮುಕ್ತ ಭಂಡಾರದಲ್ಲಿ ಎನ್ ಪ್ರೋಟೀನಿನ ಸಂಖ್ಯೆ ಪಿ0ಡಿಟಿಸಿ9. ಅದರ ಅನುಕ್ರಮವನ್ನು ಇಳಿಸಿಕೊಂಡು ಸ್ಕೈಲೈನ್ ತಂತ್ರಾಂಶಕ್ಕೆ ಕೊಡಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದು ಉಚಿತ. ಬರುವ ತುಂಡುಗಳನ್ನು ಈ ಪ್ರಶ್ನೆಗಳಿಂದ ಸೋಸಿ: ಉದ್ದ 7ರಿಂದ 20 ಅಮೈನೋ ಆಮ್ಲಗಳೊಳಗೆ ಇದೆಯೇ? ಆಮ್ಲಜನಕ ಸೇರಿ ರಾಶಿ ಬದಲಾಗುವ ಮೆಥಿಯೋನಿನ್ ಇಲ್ಲ ತಾನೇ? ಆರಂಭದ ತುದಿಯಲ್ಲಿ ಗ್ಲುಟಮಿನ್ ಇಲ್ಲ ತಾನೇ? ಅದು ತಾನೇ ಸುತ್ತಿಕೊಂಡು ಬೇರೆ ರೂಪಕ್ಕೆ ತಿರುಗುತ್ತದೆ. ಕತ್ತರಿಸುವ ಜಾಗದಲ್ಲಿ ಲೈಸಿನ್ ಅಥವಾ ಆರ್ಜಿನಿನ್ ಜೋಡಿಯಾಗಿ ನಿಂತಿಲ್ಲ ತಾನೇ? ಮನುಷ್ಯನ ಯಾವ ಪ್ರೋಟೀನಿನಲ್ಲೂ ಇದೇ ತುಂಡು ಇಲ್ಲ ತಾನೇ? ಈ ಕೊನೆಯ ಹುಡುಕಾಟದಲ್ಲಿ ಲ್ಯೂಸಿನ್ ಮತ್ತು ಐಸೋಲ್ಯೂಸಿನ್‌ಗಳನ್ನು ಒಂದೇ ಎಂದು ಪರಿಗಣಿಸಿ. ಎರಡರ ರಾಶಿಯೂ ಒಂದೇ ಆದ್ದರಿಂದ ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

ಹೀಗೆ ಸೋಸಿದಾಗ ಜಗತ್ತಿನ ಹಲವು ಪ್ರಯೋಗಾಲಯಗಳು ಬಂದು ನಿಂತ ಪೆಪ್ಟೈಡ್, ಒಂದಕ್ಷರದ ಸಂಕೇತದಲ್ಲಿ ಹೇಳುವುದಾದರೆ, ಎ-ವೈ-ಎನ್-ವಿ-ಟಿ-ಕ್ಯೂ-ಎ-ಎಫ್-ಜಿ-ಆರ್. ಎನ್ ಪ್ರೋಟೀನಿನ 267ರಿಂದ 276ರವರೆಗಿನ ಹತ್ತು ಅಮೈನೋ ಆಮ್ಲಗಳು ಇವು. ಚೆನ್ನಾಗಿ ವಿದ್ಯುದಾವೇಶ ಪಡೆಯುತ್ತದೆ, ಯಂತ್ರಕ್ಕೆ ಮುಂಚೆ ಪೆಪ್ಟೈಡುಗಳನ್ನು ಬೇರ್ಪಡಿಸುವ ಕಾಲಂ ಎಂಬ ಕೊಳವೆಯಿಂದ ಹಿತವಾದ ಸಮಯದಲ್ಲಿ ಹೊರಬರುತ್ತದೆ. 2003ರಲ್ಲಿ ಹರಡಿದ ಮೊದಲ ಸಾರ್ಸ್ ವೈರಾಣುವಿನಲ್ಲಿ ಇದೇ ತುಂಡಿನ ಮೊದಲ ಅಕ್ಷರ ಮಾತ್ರ ಬೇರೆ: ಅಲನಿನ್ ಇರಬೇಕಾದ ಕಡೆ ಗ್ಲುಟಮಿನ್. ಉಳಿದ ಒಂಬತ್ತೂ ಅವೇ. ಆ ಒಂದು ಅಕ್ಷರದಿಂದ ರಾಶಿಯಲ್ಲಿ 57 ಡಾಲ್ಟನ್ ವ್ಯತ್ಯಾಸ ಬರುವುದರಿಂದ ಯಂತ್ರ ಎರಡನ್ನೂ ನಿಸ್ಸಂದೇಹವಾಗಿ ಬೇರ್ಪಡಿಸುತ್ತದೆ.

ದೋಷವೇ ಇಲ್ಲದ ಪೆಪ್ಟೈಡ್ ಇದಲ್ಲ. 276ರ ಆರ್ಜಿನಿನ್ ಪಕ್ಕದಲ್ಲೇ 277ರಲ್ಲಿ ಇನ್ನೊಂದು ಆರ್ಜಿನಿನ್ ಇದೆ. ಟ್ರಿಪ್ಸಿನ್ ಕೆಲವೊಮ್ಮೆ ಮೊದಲನೆಯದರ ನಂತರ, ಕೆಲವೊಮ್ಮೆ ಎರಡನೆಯದರ ನಂತರ ಕತ್ತರಿಸುತ್ತದೆ. ಸಂಕೇತ ಎರಡು ಪೆಪ್ಟೈಡುಗಳಿಗೆ ಹಂಚಿಹೋಗುತ್ತದೆ. ಕಿಣ್ವದ ಪ್ರಮಾಣ, ಸಮಯ, ತಾಪಮಾನಗಳನ್ನು ಪ್ರತಿ ಸಲವೂ ಒಂದೇ ರೀತಿ ಇಟ್ಟರೆ ಈ ಹಂಚಿಕೆಯೂ ಒಂದೇ ರೀತಿ ಇರುತ್ತದೆ, ಆಗ ತೊಂದರೆಯಿಲ್ಲ. ಇನ್ನೊಂದು ಎಚ್ಚರಿಕೆ: ಎನ್-ವಿ-ಟಿ ಎಂಬ ಸಾಲು ಸಕ್ಕರೆ ಅಂಟಬಲ್ಲ ಜಾಗದ ವಿನ್ಯಾಸ. ಸೋಂಕಿನಲ್ಲಿ ಎನ್ ಪ್ರೋಟೀನು ಸಕ್ಕರೆ ಸೇರಿಸುವ ಕೋಣೆಗಳನ್ನು ಹಾದುಹೋಗುವುದಿಲ್ಲವಾದ್ದರಿಂದ ಚಿಂತೆಯಿಲ್ಲ. ಆದರೆ ಮಾನದಂಡಕ್ಕಾಗಿ ಕೊಂಡ ಎನ್ ಪ್ರೋಟೀನನ್ನು ಸಸ್ತನಿ ಜೀವಕೋಶಗಳಿಂದ ಹೊರಕ್ಕೆ ಸ್ರವಿಸುವಂತೆ ಮಾಡಿ ತಯಾರಿಸಿದ್ದರೆ ಅದಕ್ಕೆ ಸಕ್ಕರೆ ಅಂಟಿರಬಹುದು. ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದನ್ನು ಕೊಳ್ಳಿ.

ಒಂದೇ ಪೆಪ್ಟೈಡಿನ ಮೇಲೆ ಎಂದೂ ನಿಲ್ಲಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಡೆಲ್ಟಾ. ಎ-ಡಿ-ಇ-ಟಿ-ಕ್ಯೂ-ಎ-ಎಲ್-ಪಿ-ಕ್ಯೂ-ಆರ್ ಎಂಬುದು 376ರಿಂದ 385ರವರೆಗಿನ ತುಂಡು. 2020ರಲ್ಲಿ ಇದೂ ಅಷ್ಟೇ ಜನಪ್ರಿಯವಾಗಿತ್ತು. ಭಾರತದಲ್ಲಿ ಮೊದಲು ಗುರುತಿಸಲ್ಪಟ್ಟು 2021ರ ಎರಡನೇ ಅಲೆಗೆ ಕಾರಣವಾದ ಡೆಲ್ಟಾದಲ್ಲಿ 377ನೇ ಸ್ಥಾನದ ಆಸ್ಪಾರ್ಟಿಕ್ ಆಮ್ಲ ಹೋಗಿ ಟೈರೋಸಿನ್ ಬಂದಿತು. ಎರಡು ಆವೇಶ ಹೊತ್ತ ಈ ಪೆಪ್ಟೈಡಿನ ಎಂ/ಝಡ್ ಮೌಲ್ಯ (ರಾಶಿಯನ್ನು ಆವೇಶದಿಂದ ಭಾಗಿಸಿದ್ದು, ಯಂತ್ರ ಅಳೆಯುವುದು ಇದನ್ನೇ) 564.79ರಿಂದ 588.80ಕ್ಕೆ ಜಿಗಿಯಿತು. 564.79ರಲ್ಲಿ ಮಾತ್ರ ಹುಡುಕುವ ಪರೀಕ್ಷೆಗೆ, ರೋಗಿ ಎಷ್ಟೇ ವೈರಾಣು ಹೊತ್ತಿದ್ದರೂ, ಏನೂ ಕಾಣುವುದಿಲ್ಲ. ಬೇರೆ ಬೇರೆ ಭಾಗಗಳಿಂದ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಪೆಪ್ಟೈಡುಗಳಿರಲಿ. ಹೊಸ ರೂಪಾಂತರಿಗಳ ಅನುಕ್ರಮ ಪ್ರಕಟವಾದಾಗಲೆಲ್ಲ ಅವನ್ನು ಮತ್ತೆ ಹೋಲಿಸಿ ನೋಡಿ.

ಆಯ್ಕೆ ಮುಗಿದ ಮೇಲೆ, ಮಾದರಿಗೆ ಬೆರೆಸಿ ಹೋಲಿಸಿ ನೋಡಲು, ಪ್ರತಿ ಪೆಪ್ಟೈಡಿನ ಭಾರ ರೂಪವನ್ನು ತರಿಸಿಕೊಳ್ಳಿ. ಇದರ ಕೊನೆಯ ಆರ್ಜಿನಿನ್‌ನಲ್ಲಿ ಇಂಗಾಲ-13 ಮತ್ತು ಸಾರಜನಕ-15 ಎಂಬ ಹೆಚ್ಚು ತೂಕದ ಐಸೋಟೋಪುಗಳು ಇರುತ್ತವೆ. 10 ಡಾಲ್ಟನ್ ಹೆಚ್ಚು ತೂಗುತ್ತದೆ, ಉಳಿದಂತೆ ರಾಸಾಯನಿಕ ನಡತೆ ಒಂದೇ. ನಮ್ಮ ಪೆಪ್ಟೈಡ್ 563.79ರಲ್ಲಿ ಕಂಡರೆ ಅದರ ಭಾರ ಜೊತೆಗಾರ 568.79ರಲ್ಲಿ ಕಾಣುತ್ತದೆ.

ಹಂತ 4: ಮಾದರಿ ಮತ್ತು ಸುರಕ್ಷತೆ

ನೈತಿಕ ಸಮಿತಿಯ ಅನುಮತಿ ಮತ್ತು ರೋಗಿಯ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಸ್ವಾಬನ್ನೂ ಮುಟ್ಟಬೇಡಿ. ಜೀವಂತ ವೈರಾಣು ಇರಬಹುದಾದ ಟ್ಯೂಬನ್ನು ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನ ಒಳಗೆ ಮಾತ್ರ ತೆರೆಯಬೇಕು. ವೈರಾಣುವನ್ನು ಬೆಳೆಸುವ ಕೆಲಸವಿದ್ದರೆ ಅದು ಬಿಎಸ್‌ಎಲ್-3 (ಮೂರನೇ ಮಟ್ಟದ ಜೈವಿಕ ಸುರಕ್ಷತೆಯ) ಪ್ರಯೋಗಾಲಯದಲ್ಲೇ ಆಗಬೇಕು. ನಿಷ್ಕ್ರಿಯಗೊಳಿಸಲು ಶಾಖ, ಮಾರ್ಜಕ, ಅಸಿಟೋನ್ ಎಲ್ಲವೂ ಬಳಕೆಯಲ್ಲಿವೆ. ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಪರೀಕ್ಷಿಸಿ ಒಪ್ಪಿದ ವಿಧಾನವನ್ನು ಅಕ್ಷರಶಃ ಪಾಲಿಸಿ.

ಸ್ವಾಬ್ ಯಾವ ದ್ರವದಲ್ಲಿ ಬರುತ್ತದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಪಿಸಿಆರ್‌ಗಾಗಿ ಬಳಸುವ ಸಾಗಣೆ ದ್ರವಗಳಲ್ಲಿ ಒಂದು ಬಗೆಯದರಲ್ಲಿ ಶೇ. 2ರಷ್ಟು ಕರುವಿನ ಸೀರಂ ಇರುತ್ತದೆ. 3 ಮಿಲಿಲೀಟರ್ ದ್ರವದಲ್ಲಿ ಅದರಿಂದಲೇ ಸುಮಾರು 2 ಮಿಲಿಗ್ರಾಂ ಪ್ರೋಟೀನ್ ಸೇರುತ್ತದೆ, ಬಹುಪಾಲು ಅಲ್ಬುಮಿನ್. ಮೇಲಿನ ಲೆಕ್ಕದ 46 ಪಿಕೋಗ್ರಾಂ ಎನ್ ಜೊತೆಗೆ ಹೋಲಿಸಿ: ಕಸ 4 ಕೋಟಿ ಪಟ್ಟು ಹೆಚ್ಚು. ಇನ್ನೊಂದು ಬಗೆಯದರಲ್ಲಿ ಗ್ವಾನಿಡಿನ್ ಥಯೋಸಯನೇಟ್ ಇರುತ್ತದೆ. ಅದು ವೈರಾಣುವನ್ನು ಕೊಲ್ಲುತ್ತದೆ, ಜೊತೆಗೆ ಟ್ರಿಪ್ಸಿನ್ ಕೆಲಸವನ್ನೂ ಕೆಡಿಸುತ್ತದೆ. ಆ ದ್ರವ ಚೆಲ್ಲಿದಾಗ ಬ್ಲೀಚ್ ಹಾಕಿ ಒರೆಸುವುದು ಪ್ರಾಣಾಪಾಯದ ಕೆಲಸ. ಎರಡೂ ಸೇರಿದರೆ ವಿಷಾನಿಲ ಹೊರಡುತ್ತದೆ. ಮಾದರಿ ಸಂಗ್ರಹ ನಿಮ್ಮ ಕೈಯಲ್ಲೇ ಇದ್ದರೆ ಸಾದಾ ಲವಣದ್ರಾವಣವನ್ನೇ ಕೇಳಿ. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದ ತಂಡವೊಂದು 2020ರಲ್ಲಿ ರೋಗಿಗಳು ಬಾಯಿ ಮುಕ್ಕಳಿಸಿ ಉಗುಳಿದ ದ್ರಾವಣದಲ್ಲೇ ಎನ್ ಪ್ರೋಟೀನಿನ ಪೆಪ್ಟೈಡುಗಳನ್ನು ಗುರುತಿಸಿ ತೋರಿಸಿತ್ತು.

ಹಂತ 5: ಶುದ್ಧೀಕರಣ ಮತ್ತು ಕತ್ತರಿಸುವುದು

ಎರಡು ದಾರಿಗಳಿವೆ. ಸರಳವಾದದ್ದು ಅಸಿಟೋನ್ ದಾರಿ. 500 ಮೈಕ್ರೋಲೀಟರ್ ಮಾದರಿಗೆ ಮೈನಸ್ 20 ಡಿಗ್ರಿಯಲ್ಲಿ ತಣ್ಣಗಾದ 2 ಮಿಲಿಲೀಟರ್ ಅಸಿಟೋನ್ ಸೇರಿಸಿ, ಕನಿಷ್ಠ ಒಂದು ಗಂಟೆ ಅದೇ ಚಳಿಯಲ್ಲಿಡಿ. 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವವನ್ನು ತೆಗೆಯಿರಿ. ಕೆಳಗೆ ಕೂತ ಗಷ್ಟನ್ನು ಎರಡು ಮೂರು ನಿಮಿಷ ಗಾಳಿಗೆ ಬಿಡಿ, ಹೆಚ್ಚು ಬೇಡ. ಪೂರ್ತಿ ಒಣಗಿದ ಗಷ್ಟು ಮತ್ತೆ ಕರಗುವುದೇ ಇಲ್ಲ. ಲವಣ, ಔಷಧ, ಬಣ್ಣಗಳೆಲ್ಲ ಈ ಹಂತದಲ್ಲಿ ಹೋಗುತ್ತವೆ. ಅಲ್ಬುಮಿನ್ ಮಾತ್ರ ಹೋಗುವುದಿಲ್ಲ.

ದುಬಾರಿಯಾದರೂ ಫಲ ಕೊಡುವ ದಾರಿ ಪ್ರತಿಕಾಯದ್ದು. ಎನ್ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಕಾಂತೀಯ ಮಣಿಗಳಿಗೆ ಅಂಟಿಸಿ ಮಾದರಿಯಲ್ಲಿ ತಿರುಗಿಸುತ್ತಾರೆ. ಬೇಕಾದದ್ದು ಮಣಿಗೆ ಅಂಟುತ್ತದೆ, ಕಸ ತೊಳೆದುಹೋಗುತ್ತದೆ. ಕೊನೆಯ ತೊಳೆತ ಮಾರ್ಜಕವಿಲ್ಲದ ಬಫರ್‌ನಲ್ಲೇ ಆಗಬೇಕು. ಮಾರ್ಜಕದ ಚೂರು ಉಳಿದರೂ ಯಂತ್ರದಲ್ಲಿ ಅದರ ಸಂಕೇತವೇ ತುಂಬಿಕೊಳ್ಳುತ್ತದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನ ಸ್ಥಾಪಕ ಅಖಿಲೇಶ್ ಪಾಂಡೆ ಅವರ ಮೇಯೋ ಕ್ಲಿನಿಕ್ ತಂಡ 2021ರಲ್ಲಿ ಪ್ರಕಟಿಸಿದ ವಿಧಾನ ಇದೇ ಬಗೆಯದು. ಮೂಗಿನ ಸ್ವಾಬ್‌ಗಳಲ್ಲಿ ಪಿಸಿಆರ್‌ಗೆ ಹೋಲಿಸಿ ಶೇ. 98ರ ಆಸುಪಾಸಿನ ಸೂಕ್ಷ್ಮತೆಯನ್ನು (ಸೋಂಕಿದ್ದವರನ್ನು ಹಿಡಿಯುವ ಪ್ರಮಾಣವನ್ನು) ಅವರು ವರದಿ ಮಾಡಿದ್ದಾರೆ.

ಪ್ರತಿಕಾಯದ ದಾರಿಗೆ ಒಂದು ತೊಡಕಿದೆ. ರೋಗಿಯ ದೇಹವೇ ತಯಾರಿಸಿದ ಪ್ರತಿಕಾಯಗಳು ಎನ್ ಪ್ರೋಟೀನನ್ನು ಮೊದಲೇ ಸುತ್ತಿಕೊಂಡಿದ್ದರೆ ನಮ್ಮ ಮಣಿಗಳಿಗೆ ಹಿಡಿತ ಸಿಗುವುದಿಲ್ಲ. ಮೊದಲು ಟ್ರಿಪ್ಸಿನ್‌ನಿಂದ ಎಲ್ಲವನ್ನೂ ಕತ್ತರಿಸಿ, ನಂತರ ಪೆಪ್ಟೈಡನ್ನೇ ಹಿಡಿಯುವ ಪ್ರತಿಕಾಯ ಬಳಸುವ ಸಿಸ್ಕಾಪಾ ವಿಧಾನ ಇದನ್ನು ನಿವಾರಿಸುತ್ತದೆ, ಏಕೆಂದರೆ ಅಡ್ಡ ಬರುವ ಪ್ರತಿಕಾಯಗಳೂ ಆ ಹೊತ್ತಿಗೆ ತುಂಡಾಗಿರುತ್ತವೆ. ಹಣವಿದ್ದರೆ ನಾನು ಆರಿಸುವುದು ಇದನ್ನೇ.

ಕತ್ತರಿಸುವ ಕ್ರಮ ಹೀಗೆ. ಗಷ್ಟನ್ನು ಶೇ. 1 ಸೋಡಿಯಂ ಡಿಆಕ್ಸಿಕೋಲೇಟ್ ಇರುವ 50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬನೇಟ್‌ನಲ್ಲಿ ಕರಗಿಸಿ, 95 ಡಿಗ್ರಿಯಲ್ಲಿ 5 ನಿಮಿಷ ಇಟ್ಟು ತಣಿಸಿ. ಪಠ್ಯಪುಸ್ತಕಗಳಲ್ಲಿ ಇದರ ನಂತರ ಗಂಧಕದ ಬಂಧಗಳನ್ನು ಮುರಿದು ಮುಚ್ಚುವ ಎರಡು ಹಂತಗಳಿರುತ್ತವೆ, ಒಂದು ಗಂಟೆಗೂ ಹೆಚ್ಚು ಹಿಡಿಯುತ್ತವೆ. ವುಹಾನ್‌ನ ಮೂಲ ವೈರಾಣುವಿನ ಎನ್ ಪ್ರೋಟೀನಿನಲ್ಲಿ ಈ ಬಂಧಗಳನ್ನು ಕಟ್ಟುವ ಸಿಸ್ಟೀನ್ ಎಂಬ ಅಮೈನೋ ಆಮ್ಲ ಒಂದೂ ಇಲ್ಲ. ಡೆಲ್ಟಾದ ಒಂದು ಶಾಖೆಯಲ್ಲಿ 215ನೇ ಸ್ಥಾನದಲ್ಲಿ ಒಂದು ಬಂದಿದ್ದರೂ ಅದು ನಮ್ಮ ಪೆಪ್ಟೈಡುಗಳ ಹೊರಗಿದೆ. ಎನ್ ಮಾತ್ರ ಬೇಕಿದ್ದರೆ ಈ ಎರಡೂ ಹಂತಗಳನ್ನು ಧೈರ್ಯವಾಗಿ ಬಿಡಬಹುದು. ಇಡೀ ಪ್ರೋಟೀನ್ ಸಮೂಹವನ್ನು ಅಳೆಯುವ ಅಧ್ಯಯನಕ್ಕೆ ಮಾತ್ರ ಬಿಡಬಾರದು.

50 ಪಾಲು ಪ್ರೋಟೀನಿಗೆ 1 ಪಾಲಿನಂತೆ ಟ್ರಿಪ್ಸಿನ್ ಸೇರಿಸಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಆತುರದ ಪತ್ತೆಗೆ ಕಿಣ್ವ ಹೆಚ್ಚಿಸಿ ಒಂದೆರಡು ಗಂಟೆಯಲ್ಲಿ ಮುಗಿಸುವವರೂ ಇದ್ದಾರೆ. ಬಳಿಕ ನಿಶ್ಚಿತ ಪ್ರಮಾಣದ ಭಾರ ಪೆಪ್ಟೈಡನ್ನು ಸೇರಿಸಿ, ಫಾರ್ಮಿಕ್ ಆಮ್ಲ ಹಾಕಿ. ಆಮ್ಲಕ್ಕೆ ಡಿಆಕ್ಸಿಕೋಲೇಟ್ ಬೆಳ್ಳಗೆ ಒಡೆದು ಕೆಳಗೆ ಕೂರುತ್ತದೆ. ತಿರುಗಿಸಿ ತೆಗೆದು, ಪೆಪ್ಟೈಡನ್ನು ಹಿಡಿದಿಟ್ಟುಕೊಳ್ಳುವ ಸಿ-18 ಕಾರ್ಟ್ರಿಜ್‌ನಲ್ಲಿ ಲವಣ ತೊಳೆಯಿರಿ. ಭಾರ ಪೆಪ್ಟೈಡ್ ಇಲ್ಲಿಂದ ಮುಂದಿನ ನಷ್ಟವನ್ನು ಮಾತ್ರ ಸರಿದೂಗಿಸುತ್ತದೆ, ಕತ್ತರಿಸುವಿಕೆಯ ಏರುಪೇರನ್ನಲ್ಲ. ಅದನ್ನೂ ಅಳೆಯಬೇಕಿದ್ದರೆ ಐಸೋಟೋಪು ಸೇರಿಸಿ ಬೆಳೆಸಿದ ಇಡೀ ಭಾರ ಎನ್ ಪ್ರೋಟೀನನ್ನೇ ಮೊದಲ ಹಂತದಲ್ಲಿ ಬೆರೆಸಬೇಕು.

ಹಂತ 6: ಯಂತ್ರ

ನಿಮ್ಮ ಮಾಸ್ ಸ್ಪೆಕ್ಟ್ರೋಮೀಟರ್ ಟ್ರಿಪಲ್ ಕ್ವಾಡ್ರಪೋಲ್ ಬಗೆಯದಾದರೆ ಅಳೆಯುವ ವಿಧಾನ ಎಂಆರ್‌ಎಂ, ಆರ್ಬಿಟ್ರ್ಯಾಪ್ ಬಗೆಯದಿದ್ದರೆ ಪಿಆರ್‌ಎಂ. ಎರಡರಲ್ಲೂ ತತ್ವ ಒಂದೇ: 563.79ರ ಪೆಪ್ಟೈಡನ್ನು ಮಾತ್ರ ಒಳಗೆ ಬಿಟ್ಟು, ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಒಡೆದು, ಬರುವ ಚೂರುಗಳನ್ನು ಅಳೆಯುವುದು. ನಮ್ಮ ಪೆಪ್ಟೈಡ್ ಒಡೆದಾಗ 892.46, 778.42 ಮತ್ತು 679.35 ಎಂಬ ಮೂರು ಚೂರುಗಳು ಎದ್ದು ಕಾಣುತ್ತವೆ. ಮೊದಲ ಎರಡರ ವ್ಯತ್ಯಾಸ 114.04, ಅದು ಆಸ್ಪರಜಿನ್ ತೂಕ. ಮುಂದಿನ ವ್ಯತ್ಯಾಸ 99.07, ಅದು ವ್ಯಾಲಿನ್. ಪೆಪ್ಟೈಡಿನ ಅಕ್ಷರಗಳು ಒಂದೊಂದಾಗಿ ಕಳಚುವುದನ್ನು ಪರದೆಯ ಮೇಲೆ ಹೀಗೆ ಓದಬಹುದು. ಮೊದಲ ಸಲ ನೋಡುವ ವಿದ್ಯಾರ್ಥಿಗಳಿಂದ ಈ ಕಳೆಯುವ ಲೆಕ್ಕವನ್ನು ಕೈಯಲ್ಲೇ ಮಾಡಿಸಿ.

ಕಾಲಂನಿಂದ ಪೆಪ್ಟೈಡುಗಳನ್ನು ಹೊರಡಿಸಲು ಶೇ. 0.1 ಫಾರ್ಮಿಕ್ ಆಮ್ಲವಿರುವ ನೀರಿನಿಂದ ಅಸಿಟೋನೈಟ್ರೈಲ್ ದ್ರಾವಕದ ಕಡೆಗೆ ಮೆಲ್ಲಗೆ ಏರುವ ಮಿಶ್ರಣ (ಗ್ರೇಡಿಯಂಟ್) ಸಾಕು. ಪೆಪ್ಟೈಡ್ ಹೊರಬರುವಾಗ ಸಂಕೇತ ಏರಿ ಇಳಿಯುವ ಶಿಖರದ ಅಗಲದುದ್ದಕ್ಕೂ 8ರಿಂದ 10 ಅಳತೆ ಬಿಂದುಗಳು ಬರಬೇಕು. ಶಿಖರ 10 ಸೆಕೆಂಡ್ ಅಗಲವಿದ್ದರೆ ಯಂತ್ರದ ಒಂದು ಸುತ್ತು 1 ಸೆಕೆಂಡಿನಲ್ಲಿ ಮುಗಿಯಬೇಕೆಂದರ್ಥ. ಗುರಿಗಳನ್ನು ಹೆಚ್ಚಿಸಿಕೊಳ್ಳುತ್ತಾ ಹೋದರೆ ಈ ಲೆಕ್ಕ ತಪ್ಪುತ್ತದೆ.

ಹಂತ 7: ಪಾಸಿಟಿವ್ ಎನ್ನುವ ಮುನ್ನ

ಮೂರೂ ಚೂರುಗಳ ಶಿಖರಗಳು ಒಂದೇ ಕ್ಷಣದಲ್ಲಿ ಏರಿ ಒಂದೇ ಕ್ಷಣದಲ್ಲಿ ಇಳಿಯಬೇಕು. ಆ ಕ್ಷಣ ಭಾರ ಪೆಪ್ಟೈಡಿನ ಕ್ಷಣವೇ ಆಗಿರಬೇಕು. ಮೂರು ಚೂರುಗಳ ಎತ್ತರದ ಅನುಪಾತವೂ ಭಾರ ಪೆಪ್ಟೈಡಿನಲ್ಲಿ ಕಂಡಂತೆಯೇ ಇರಬೇಕು. ಎರಡನೇ ಪೆಪ್ಟೈಡೂ ಇದೇ ಕಥೆ ಹೇಳಬೇಕು. ಒಂದು ಪೆಪ್ಟೈಡ್ ಗಟ್ಟಿಯಾಗಿ ಕಂಡು ಇನ್ನೊಂದು ಕಾಣಲೇ ಇಲ್ಲವೆಂದರೆ ವರದಿ ಬರೆಯಬೇಡಿ. ರೂಪಾಂತರಿ ಇರಬಹುದು, ಆ ಮಾದರಿಯ ಜೀನೋಮ್ ಓದಿಸಿ. ಭಾರ ಪೆಪ್ಟೈಡೇ ಕಾಣದಿದ್ದರೆ ಅದು ನೆಗೆಟಿವ್ ಅಲ್ಲ, ವಿಫಲವಾದ ಓಟ.

ಹೆಚ್ಚು ವೈರಾಣುವಿದ್ದ ಮಾದರಿಯ ನಂತರ ಖಾಲಿ ದ್ರಾವಣವನ್ನು ಓಡಿಸಿ. ಕಾಲಂನಲ್ಲಿ ಉಳಿದ ಪೆಪ್ಟೈಡ್ ಮುಂದಿನ ರೋಗಿಯ ಲೆಕ್ಕಕ್ಕೆ ಸೇರುವುದುಂಟು. ಪಾಸಿಟಿವ್‌ಗಳನ್ನೆಲ್ಲ ಬೆಳಿಗ್ಗೆ, ನೆಗೆಟಿವ್‌ಗಳನ್ನೆಲ್ಲ ಸಂಜೆ ಎಂದು ಓಡಿಸದೆ ಕಲಸಿ ಜೋಡಿಸಿ. ಯಾವುದು ಯಾವುದೆಂದು ಯಂತ್ರ ನಡೆಸುವವರಿಗೆ ತಿಳಿಯದಿರಲಿ.

ಹಂತ 8: ಪರೀಕ್ಷೆಯನ್ನೇ ಪರೀಕ್ಷಿಸುವುದು

ಪತ್ತೆಯ ಕನಿಷ್ಠ ಮಿತಿಯನ್ನು ಕಂಡುಹಿಡಿಯಲು ಎನ್ ಪ್ರೋಟೀನನ್ನು ಹಂತಹಂತವಾಗಿ ತೆಳುಗೊಳಿಸಬೇಕು. ಸೋಂಕಿಲ್ಲದವರ ಸ್ವಾಬ್ ದ್ರವದಲ್ಲೇ ತೆಳುಗೊಳಿಸಿ, ನೀರಿನಲ್ಲಲ್ಲ. ನೀರಿನಲ್ಲಿ ಬರುವ ಮಿತಿ ಚೆಂದವಾಗಿರುತ್ತದೆ, ರೋಗಿಯ ಲೋಳೆಯಲ್ಲಿ ಅದು ಉಳಿಯುವುದಿಲ್ಲ.

ಪಿಸಿಆರ್ ಜೊತೆಗಿನ ಹೋಲಿಕೆಯಲ್ಲಿ ಸಿಟಿ ಮೌಲ್ಯದ (ಆರ್‌ಎನ್‌ಎ ಕಾಣಿಸಲು ಪಿಸಿಆರ್‌ಗೆ ಬೇಕಾದ ಸುತ್ತುಗಳ ಸಂಖ್ಯೆ; ವೈರಾಣು ಹೆಚ್ಚಿದ್ದಷ್ಟೂ ಕಡಿಮೆ) ಹಂಚಿಕೆಯನ್ನು ಮರೆಮಾಚಬೇಡಿ. ಸಿಟಿ 20 ಮತ್ತು 30ರ ನಡುವೆ ವೈರಾಣುವಿನ ಪ್ರಮಾಣದಲ್ಲಿ ಸಾವಿರ ಪಟ್ಟು ಅಂತರವಿದೆ. ಸಿಟಿ 20ರ ಒಳಗಿನ ಮಾದರಿಗಳನ್ನೇ ಆರಿಸಿಕೊಂಡು ಶೇ. 100 ಸೂಕ್ಷ್ಮತೆ ಎಂದರೆ ಓದುಗರಿಗೆ ಮೋಸ ಮಾಡಿದಂತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಜೂನ್ 14ರಂದು ಮೊದಲ ಕ್ಷಿಪ್ರ ಆಂಟಿಜೆನ್ ಕಿಟ್ಟಿಗೆ ಒಪ್ಪಿಗೆ ಕೊಟ್ಟಾಗ ಪ್ರಕಟಿಸಿದ ಅಂಕಿಗಳು ಪ್ರಾಮಾಣಿಕವಾಗಿದ್ದವು: ಸೂಕ್ಷ್ಮತೆ ಶೇ. 50.6ರಿಂದ 84, ನಿರ್ದಿಷ್ಟತೆ (ಸೋಂಕಿಲ್ಲದವರನ್ನು ಸರಿಯಾಗಿ ನೆಗೆಟಿವ್ ಎನ್ನುವ ಪ್ರಮಾಣ) ಶೇ. 99.3ರಿಂದ 100. ಅದಕ್ಕಾಗಿಯೇ ಲಕ್ಷಣವಿದ್ದೂ ನೆಗೆಟಿವ್ ಬಂದವರಿಗೆ ಪಿಸಿಆರ್ ಕಡ್ಡಾಯ ಎಂಬ ಸೂಚನೆಯೂ ಜೊತೆಗೇ ಬಂದಿತ್ತು.

ಪಾಸಿಟಿವ್ ಫಲಿತಾಂಶದ ಅರ್ಥ ಜನರಲ್ಲಿ ಸೋಂಕು ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಸೂಕ್ಷ್ಮತೆ ಶೇ. 80, ನಿರ್ದಿಷ್ಟತೆ ಶೇ. 99 ಇರುವ ಪರೀಕ್ಷೆಯನ್ನು 10,000 ಜನರ ಮೇಲೆ ನಡೆಸಿದಿರಿ ಎನ್ನಿ. ಅವರಲ್ಲಿ ಶೇ. 1 ಮಂದಿಗೆ ಸೋಂಕಿದ್ದರೆ 80 ನಿಜವಾದ ಪಾಸಿಟಿವ್, 99 ಸುಳ್ಳು ಪಾಸಿಟಿವ್; ಪಾಸಿಟಿವ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸೋಂಕೇ ಇಲ್ಲ. ಶೇ. 20 ಮಂದಿಗೆ ಸೋಂಕಿದ್ದರೆ 1,600 ನಿಜ, 80 ಸುಳ್ಳು. ಅದೇ ಪರೀಕ್ಷೆ, ಅದೇ ಯಂತ್ರ.

ಸಂಶೋಧನೆಗಾಗಿ ಕಟ್ಟಿದ ವಿಧಾನದ ಫಲಿತಾಂಶವನ್ನು ರೋಗಿಯ ಕೈಗೆ ಕೊಡುವಂತಿಲ್ಲ. ಅದಕ್ಕೆ ನಿಯಂತ್ರಣ ಸಂಸ್ಥೆಯ ಅನುಮೋದನೆ ಬೇರೆ, ಪ್ರಯೋಗಾಲಯದ ಮಾನ್ಯತೆ ಬೇರೆ.

ಅಧ್ಯಯನದ ದಾರಿ: ದೇಹದ ಉತ್ತರವನ್ನು ಓದುವುದು

ಇಲ್ಲಿ ಗುರಿಯ ಪಟ್ಟಿ ಇರುವುದಿಲ್ಲ. ರಕ್ತದ ಪ್ಲಾಸ್ಮಾ ಅಥವಾ ಸ್ವಾಬ್‌ನಲ್ಲಿರುವ ಎಲ್ಲವನ್ನೂ ಕತ್ತರಿಸಿ, ಸಿಕ್ಕ ಸಂಕೇತಗಳನ್ನು ಮನುಷ್ಯ ಮತ್ತು ವೈರಾಣು ಎರಡರ ಪ್ರೋಟೀನ್ ಭಂಡಾರಗಳ ಜೊತೆ ಹೋಲಿಸುತ್ತೇವೆ. ಮ್ಯಾಕ್ಸ್‌ಕ್ವಾಂಟ್, ಡಿಐಎ-ಎನ್‌ಎನ್ ಎಂಬ ಎರಡು ತಂತ್ರಾಂಶಗಳೂ ಶೈಕ್ಷಣಿಕ ಬಳಕೆಗೆ ಉಚಿತ. ತಪ್ಪು ಗುರುತಿಸುವಿಕೆಯ ಪ್ರಮಾಣ ಶೇ. 1ನ್ನು ಮೀರದಂತೆ ಮಿತಿ ಹಾಕಿ. ಆಸ್ಪತ್ರೆಗೆ ದಾಖಲಾದವರು ವಯಸ್ಸಾದವರೂ ಹೋಲಿಕೆಗೆ ತಂದವರು ಯುವ ವಿದ್ಯಾರ್ಥಿಗಳೂ ಆಗಿದ್ದರೆ ನೀವು ಅಳೆಯುತ್ತಿರುವುದು ಕೋವಿಡ್ಡನ್ನಲ್ಲ, ವಯಸ್ಸನ್ನು. ವಯಸ್ಸು, ಲಿಂಗ, ಮಧುಮೇಹ, ಸ್ಟೀರಾಯ್ಡ್ ಚಿಕಿತ್ಸೆ ಇವನ್ನೆಲ್ಲ ಮೊದಲೇ ಹೊಂದಿಸಿಕೊಳ್ಳಿ.

ತೀವ್ರ ಕೋವಿಡ್‌ನಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್, ಸೀರಂ ಅಮಿಲಾಯ್ಡ್ ಎ ಏರುವುದೂ ಗೆಲ್ಸೋಲಿನ್ ಇಳಿಯುವುದೂ ಹಲವು ದೇಶಗಳ ತಂಡಗಳಿಗೆ ಕಂಡಿವೆ. ಮುಂಬಯಿಯ ಐಐಟಿಯಲ್ಲಿ ಸಂಜೀವ ಶ್ರೀವಾಸ್ತವ ಅವರ ತಂಡ ಸ್ವಾಬ್ ಮತ್ತು ಪ್ಲಾಸ್ಮಾಗಳಲ್ಲಿ ಈ ಬಗೆಯ ಅಧ್ಯಯನ ನಡೆಸಿತು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮೊಳಗಿನ ಕಣಗಳನ್ನು ಹೊರಚೆಲ್ಲುವ ಪ್ರಕ್ರಿಯೆ ಸ್ವಾಬ್‌ನಲ್ಲೇ ಎದ್ದು ಕಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ಟಾಟು ಅವರ ತಂಡ 2021ರಲ್ಲಿ ಬೆಂಗಳೂರಿನ ರೋಗಿಗಳ ಮಾದರಿಗಳಲ್ಲಿ ಜೀನೋಮನ್ನೂ ಪ್ರೋಟೀನುಗಳನ್ನೂ ಒಟ್ಟಿಗೆ ಓದಿ, ರೋಗನಿರೋಧಕ ಪ್ರತಿಕ್ರಿಯೆಯನ್ನು ಅಡಗಿಸುವ ಓಆರ್‌ಎಫ್9ಬಿ ಎಂಬ ಪ್ರೋಟೀನು ನಿಜವಾಗಿ ತಯಾರಾಗುತ್ತಿದೆ ಎಂದು ತೋರಿಸಿತು. ಜೀನೋಮ್ ನೋಡಿ ಊಹಿಸಿದ ಪ್ರೋಟೀನು ರೋಗಿಯ ಮೂಗಿನಲ್ಲಿ ಇದೆಯೇ ಇಲ್ಲವೇ ಎಂಬುದನ್ನು ಹೀಗೆ ನೇರವಾಗಿಯೇ ನೋಡಬೇಕು.

ಮೂರನೆಯ ಪ್ರಶ್ನೆಗೆ ಮಾದರಿ ಎನಿಸಿಕೊಂಡದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆವಾನ್ ಕ್ರೋಗನ್ ನೇತೃತ್ವದಲ್ಲಿ 2020ರಲ್ಲಿ ನಡೆದ ಕೆಲಸ. ವೈರಾಣುವಿನ 26 ಪ್ರೋಟೀನುಗಳಿಗೆ ಒಂದೊಂದಕ್ಕೂ ಗುರುತಿನ ಬಾಲ ಕಟ್ಟಿ, ಮನುಷ್ಯನ ಜೀವಕೋಶಗಳಲ್ಲಿ ತಯಾರಾಗುವಂತೆ ಮಾಡಿ, ಬಾಲ ಹಿಡಿದು ಎಳೆದಾಗ ಜೊತೆಗೆ ಬಂದ ಮನುಷ್ಯ ಪ್ರೋಟೀನುಗಳನ್ನು ಪಟ್ಟಿ ಮಾಡಿದರು: 332 ಸಂಬಂಧಗಳು. ಅವುಗಳಲ್ಲಿ ಯಾವುದಕ್ಕೆ ಈಗಾಗಲೇ ಔಷಧವಿದೆ ಎಂದು ಹುಡುಕಿದರು. ತಟ್ಟೆಯಲ್ಲಿನ ಜೀವಕೋಶಗಳಲ್ಲಿ ವೈರಾಣುವನ್ನು ತಡೆದ ವಸ್ತುಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ಇತ್ತು. ಅದೇ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಎಂಬ ಚಿಕಿತ್ಸಾ ಪ್ರಯೋಗ ಆಸ್ಪತ್ರೆಯ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲ ಎಂದು ತೋರಿಸಿತು. ನಿಮ್ಮ ಪಟ್ಟಿಯಿಂದ ಔಷಧದ ಹೆಸರು ಹೊರಬಂದಾಗ ಪತ್ರಿಕಾ ಹೇಳಿಕೆಗೆ ಮುಂಚೆ ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಹೊಸ ವೈರಾಣು ಬಂದಾಗ

ಸಾರ್ಸ್-ಕೋವ್-2ರ ಜೀನೋಮ್ 2020ರ ಜನವರಿ ಎರಡನೇ ವಾರದಲ್ಲಿ ಸಾರ್ವಜನಿಕವಾಯಿತು. ಪೆಪ್ಟೈಡ್ ಆಯ್ಕೆಗೆ ವೈರಾಣು ಕೈಯಲ್ಲಿರಬೇಕಾಗಿಲ್ಲ, ಅನುಕ್ರಮವಿದ್ದರೆ ಸಾಕು. ಮೊದಲ ದಿನ ಅನುಕ್ರಮವನ್ನು ಪ್ರೋಟೀನಾಗಿ ಅನುವಾದಿಸಿ, ಹತ್ತಿರದ ಸಂಬಂಧಿ ವೈರಾಣುಗಳಲ್ಲಿ ಯಾವ ಪ್ರೋಟೀನು ಹೇರಳವೆಂದು ನೋಡಿ, ಮೂರನೇ ಹಂತದ ಸೋಸುವಿಕೆ ಮಾಡಿ. ಹತ್ತು ಹನ್ನೆರಡು ಪೆಪ್ಟೈಡುಗಳನ್ನು ಕಡಿಮೆ ಶುದ್ಧತೆಯ ಅಗ್ಗದ ರೂಪದಲ್ಲಿ ತರಿಸಿ ಯಂತ್ರದಲ್ಲಿ ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಪರೀಕ್ಷಿಸಿ. ಗೆದ್ದ ಮೂರಕ್ಕೆ ಮಾತ್ರ ದುಬಾರಿ ಭಾರ ರೂಪ. ಭಾರ ಪೆಪ್ಟೈಡನ್ನು ಸಣ್ಣ ಸಣ್ಣ ಪಾಲು ಮಾಡಿ, ಪೆಪ್ಟೈಡ್ ಅಂಟದ ಟ್ಯೂಬುಗಳಲ್ಲಿ ಮೈನಸ್ 80 ಡಿಗ್ರಿಯಲ್ಲಿಡಿ, ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಪ್ರಕಟಿಸುವಾಗ ಕಚ್ಚಾ ದತ್ತಾಂಶವನ್ನು ಪ್ರೈಡ್ ಎಂಬ ಮುಕ್ತ ಭಂಡಾರಕ್ಕೆ ಸೇರಿಸಿ, ಪೆಪ್ಟೈಡ್ ಅನುಕ್ರಮ, ಚೂರುಗಳ ಎಂ/ಝಡ್, ಡಿಕ್ಕಿಯ ಶಕ್ತಿ ಮತ್ತು ಹೊರಬರುವ ಸಮಯಗಳ ಪಟ್ಟಿಯನ್ನು ಜೊತೆಗಿಡಿ. ಆ ಪಟ್ಟಿ ಸಿಕ್ಕರೆ ಅದೇ ಬಗೆಯ ಯಂತ್ರವಿರುವ ಇನ್ನೊಂದು ಊರಿನ ಪ್ರಯೋಗಾಲಯ ಮರುದಿನವೇ ಕೆಲಸ ಶುರು ಮಾಡಬಹುದು.